ಅಡ್ಡ ಮಲಗಿದ ಬಾವಿ: ಲಂಡನ್ನಿನ ಹಳೇ ಸುರಂಗಗಳಲ್ಲಿ ಐದು ದಿನ

ನಮ್ಮೂರು ಕುಂದಾಪುರದ ಹತ್ತಿರ. ಕಡಲು ಕೂಗಳತೆಯಲ್ಲಿದೆ, ನೆಲವೆಲ್ಲ ಹೊಯ್ಗೆ. ಅಲ್ಲಿ ಸುಮ್ನೆ ಬಾವಿ ತೋಡಲು ಹೋದರೆ ಬದಿ ಕುಸಿದು ಬೀಳುತ್ತದೆ. ಹಾಗಾಗಿ ಮೊದಲು ಒಂದು ಸಿಮೆಂಟ್ ರಿಂಗನ್ನು ನೆಲದ ಮೇಲಿಡುತ್ತಾರೆ. ಒಬ್ಬ ಅದರೊಳಗೆ ಕೂತು ರಿಂಗಿನ ಅಡಿಯ ಹೊಯ್ಗೆಯನ್ನು ಸುತ್ತಲೂ ಕೆರೆದು ಬುಟ್ಟಿಗೆ ತುಂಬಿ ಮೇಲೆ ಕಳಿಸುತ್ತಾನೆ. ರಿಂಗ್ ತನ್ನ ಭಾರಕ್ಕೇ ಮೆಲ್ಲಗೆ ಇಳಿಯುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಗೋಡೆ ಮೊದಲು, ಗುಂಡಿ ಆಮೇಲೆ. ಚಿಕ್ಕವನಿದ್ದಾಗ ಅಜ್ಜನ ಮನೆಯಲ್ಲಿ ಇದನ್ನು ಮೂರು ದಿನ ಶಾಲೆಗೆ ಚಕ್ಕರ್ ಹೊಡೆದು ನೋಡಿದ್ದೆ.

ಮುಂದೆ ನನ್ನ ಹೊಟ್ಟೆಪಾಡೂ ಅದೇ ರಿಂಗಿನದ್ದಾಯಿತು. ಬೆಂಗಳೂರು ಮೆಟ್ರೊ ಸುರಂಗಕ್ಕೆ ಕಾಂಕ್ರೀಟ್ ಸೆಗ್ಮೆಂಟ್, ಅಂದರೆ ಜೋಡಿಸಿದರೆ ರಿಂಗ್ ಆಗುವ ಬಾಗಿದ ತುಂಡುಗಳನ್ನು, ಎರಕ ಹೊಯ್ಯುವ ಯಾರ್ಡಿನಲ್ಲಿ ಒಂಬತ್ತು ವರ್ಷ ಕ್ವಾಲಿಟಿ ಚೆಕ್ ಮಾಡಿದೆ. ಮೂಲೆ ಒಡೆದಿದೆಯಾ, ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯಾ, ಬೋಲ್ಟಿನ ತೂತು ಸಾಲಿಗೆ ಬರುತ್ತಾ, ಇಷ್ಟೇ ಕೆಲಸ. ಈ ವಿದ್ಯೆ ಎಲ್ಲಿ ಹುಟ್ಟಿತೋ ಅದನ್ನು ಒಮ್ಮೆ ನೋಡಬೇಕು ಅಂತ ಬಹಳ ದಿನದಿಂದ ಇತ್ತು. ಅಕ್ಕನ ಮಗ ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನೆಪವೂ ಸಿಕ್ಕಿತು.

ಮೊದಲ ದಿನ: ಬೇಕರ್ ಸ್ಟ್ರೀಟ್

"ಮಾವ, ಅರಮನೆ ನೋಡೋಣ್ವಾ, ದೊಡ್ಡ ಗಡಿಯಾರ ನೋಡೋಣ್ವಾ?" ಅಂತ ಕೇಳಿದ ಅಳಿಯನನ್ನು ಬೇಕರ್ ಸ್ಟ್ರೀಟ್ ಸ್ಟೇಷನ್ನಿನ ಐದನೇ ಪ್ಲಾಟ್‌ಫಾರ್ಮಿಗೆ ಎಳೆದುಕೊಂಡು ಹೋದೆ. ಅವನು ಎರಡು ವರ್ಷದಿಂದ ಇದೇ ಸ್ಟೇಷನ್ನಿನಲ್ಲಿ ಹತ್ತಿ ಇಳಿದಿದ್ದಾನೆ. ಒಮ್ಮೆಯೂ ತಲೆ ಎತ್ತಿ ನೋಡಿಲ್ಲ.

1863ರ ಜನವರಿ 10ಕ್ಕೆ ಜನರಿಗೆ ತೆರೆದ ಮೆಟ್ರೊಪಾಲಿಟನ್ ರೈಲ್ವೆ ಇದು. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಸುಮಾರು 6 ಕಿಲೋಮೀಟರ್. ಜಗತ್ತಿನ ಮೊದಲ ನೆಲದಡಿಯ ಪ್ಯಾಸೆಂಜರ್ ರೈಲು. ಮೊದಲ ದಿನವೇ 38,000 ಜನ ಹತ್ತಿದರಂತೆ. ಐದು ಮತ್ತು ಆರನೇ ಪ್ಲಾಟ್‌ಫಾರ್ಮುಗಳನ್ನು ಹಳೇ ರೂಪಕ್ಕೆ ತಂದಿಟ್ಟಿದ್ದಾರೆ. ಮೇಲೆ ಉದ್ದಕ್ಕೂ ಇಟ್ಟಿಗೆಯ ಕಮಾನು. ಬದಿ ಗೋಡೆಯಲ್ಲಿ ಸಾಲಾಗಿ ಗೂಡುಗಳು. ಒಂದೊಂದು ಗೂಡಿನಿಂದಲೂ ಓರೆಯಾಗಿ ಮೇಲಕ್ಕೆ ಹೋಗುವ ಕಂಡಿ. ಆಗ ರಸ್ತೆಯ ಬೆಳಕು ಅಲ್ಲಿಂದ ಕೆಳಗೆ ಬೀಳುತ್ತಿತ್ತು. ಈಗ ದೀಪ ಇಟ್ಟಿದ್ದಾರೆ, ಗೂಡಿನೊಳಗೆ ಬೆಂಚು ಹಾಕಿದ್ದಾರೆ.

ಇದನ್ನು ಕಟ್ಟಿದ ರೀತಿಗೆ ಯಂತ್ರವೇನೂ ಬೇಕಿರಲಿಲ್ಲ. ರಸ್ತೆ ಅಗೆದರು. ಸುಮಾರು 10 ಮೀಟರ್ ಅಗಲದ ಕಾಲುವೆ. ಬದಿ ಬೀಳದಂತೆ ಮರದ ದಿಮ್ಮಿಗಳನ್ನು ಅಡ್ಡ ಕೊಟ್ಟರು. ಎರಡೂ ಕಡೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಗೋಡೆಯಿಂದ ಗೋಡೆಗೆ 8.7 ಮೀಟರ್ ಹರವಿನ ಕಮಾನು ಕಟ್ಟಿದರು. ಕಮಾನಿಗೆ ಬೇಕಾದಷ್ಟು ಆಳ ಸಿಗದ ಕಡೆ ಕಬ್ಬಿಣದ ತೊಲೆ ಹಾಕಿದರು. ಮೇಲೆ ಮಣ್ಣು ಮುಚ್ಚಿ ಮತ್ತೆ ರಸ್ತೆ ಮಾಡಿದರು. ಎಂಜಿನಿಯರ್ ಜಾನ್ ಫೌಲರ್. ನಮ್ಮಲ್ಲೂ ಮೆಟ್ರೊ ಸ್ಟೇಷನ್ನಿಗೆ ಹೀಗೇ ಮೇಲಿನಿಂದ ಅಗೆಯುತ್ತಾರೆ. ಹಾಗಾಗಿ ರಸ್ತೆ ಬಂದ್ ಆದವರ ಗೋಳು ಎಂಥದ್ದು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಟ್ಟಿಗೆಯನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಕೀಲಿನ ಗಾರೆ ಇನ್ನೂ ಗಟ್ಟಿ. ಬೆರಳಿಗೆ ಕಪ್ಪು ಹತ್ತಿತು. ಉಗಿಬಂಡಿಯ ಮಸಿಯೋ ಈಗಿನ ಬ್ರೇಕಿನ ಧೂಳೋ ದೇವರೇ ಬಲ್ಲ.

ಮಧ್ಯಾಹ್ನ ಲೀನ್‌ಸ್ಟರ್ ಗಾರ್ಡನ್ಸ್ ಎಂಬ ಬೀದಿಗೆ ಹೋದೆವು. ಸಾಲಾಗಿ ಬಿಳಿ ಮಹಡಿ ಮನೆಗಳು. ಅದರಲ್ಲಿ 23 ಮತ್ತು 24ನೇ ನಂಬರಿನವು ಮನೆಯೇ ಅಲ್ಲ. ಒಂದೂವರೆ ಮೀಟರ್ ದಪ್ಪದ ಬರೀ ಮುಂಗೋಡೆ. 1868ರಲ್ಲಿ ಬಂದ ಮುಂದಿನ ಮಾರ್ಗಕ್ಕಾಗಿ ಅಲ್ಲಿದ್ದ ಮನೆಗಳನ್ನು ಕೆಡವಿ, ಉಗಿಬಂಡಿ ಹೊಗೆ ಬಿಡಲಿ ಅಂತ ಜಾಗವನ್ನು ತೆರೆದೇ ಬಿಟ್ಟರು. ಬೀದಿಯ ಅಂದ ಕೆಡಬಾರದಲ್ಲ, ಅದಕ್ಕೆ ಈ ಸುಳ್ಳು ಮನೆ. ಕಿಟಕಿಗೆ ಗಾಜಿಲ್ಲ, ಬಣ್ಣ ಬಳಿದಿದ್ದಾರೆ. ಅಳಿಯನಿಗೆ ಇಡೀ ದಿನದಲ್ಲಿ ಹಿಡಿಸಿದ್ದು ಇದೊಂದೇ. ಹಿಂದಿನ ಬೀದಿಗೆ ಹೋಗಿ ಗೋಡೆಯಾಚೆ ಇಣುಕಿ ರೈಲು ಬರುವತನಕ ಕಾದ.

ಸಂಜೆ ಫ್ಯಾರಿಂಗ್ಡನ್. ಅಲ್ಲಿ ರೇ ಸ್ಟ್ರೀಟ್‌ನಲ್ಲಿ ಒಂದು ಪಬ್ಬಿನ ಮುಂದೆ ರಸ್ತೆಯಲ್ಲೇ ಕಬ್ಬಿಣದ ಜಾಲರಿ ಇದೆ. ಬಗ್ಗಿ ಕಿವಿ ಕೊಟ್ಟರೆ ಕೆಳಗೆ ನೀರು ಹರಿಯುವ ಸದ್ದು. ಅದು ಫ್ಲೀಟ್ ನದಿ, ಚರಂಡಿಯಾಗಿ ಹೋದ ನದಿ. 1862ರ ಜೂನ್‌ನಲ್ಲಿ ಇದೇ ಚರಂಡಿ ಒಡೆದು ಅರ್ಧ ಕಟ್ಟಿದ ಸುರಂಗದೊಳಗೆ ನುಗ್ಗಿತ್ತು. ಗೋಡೆಯ ಆಚೆ ಏನಿದೆ ಅನ್ನುವುದನ್ನು ಮರೆತರೆ ಹೀಗೇ ಆಗುವುದು. ವೃಷಭಾವತಿ ಒಮ್ಮೆ ನೆನಪಾಯಿತು.

ಎರಡನೇ ದಿನ: ರಾದರ್‌ಹೈಥ್

ಈ ಪ್ರವಾಸಕ್ಕೆ ನಾನು ಬಂದಿದ್ದೇ ಈ ದಿನಕ್ಕಾಗಿ. ಬೆಳಿಗ್ಗೆಯಿಂದ ಸೋನೆ ಮಳೆ. ಅವಸರದಲ್ಲಿ ಕೊಡೆ ರೈಲಿನಲ್ಲೇ ಬಿಟ್ಟು ಇಳಿದೆ. ಅಳಿಯ ಒಂದು ಮಾತೂ ಆಡದೆ ತನ್ನ ಕೊಡೆಯನ್ನು ನನಗೆ ಕೊಟ್ಟು ತಾನು ನೆನೆದ.

ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಬ್ರುನೆಲ್ ಮ್ಯೂಸಿಯಂ ಇದೆ. ಅದರ ಪಕ್ಕದಲ್ಲಿ ನೆಲದಿಂದ ಸ್ವಲ್ಪವೇ ಎದ್ದ ದುಂಡನೆಯ ಇಟ್ಟಿಗೆ ಕಟ್ಟೆ. ಅದೇ ಬಾವಿ. 1825ರಲ್ಲಿ ಮಾರ್ಕ್ ಬ್ರುನೆಲ್ ನದಿಯ ಅಡಿಯಲ್ಲಿ ಸುರಂಗ ಕೊರೆಯಲು ಹೊರಟಾಗ ಮೊದಲು ಮಾಡಿದ ಕೆಲಸ ಕೇಳಿ. ನೆಲದ ಮೇಲೆ ಕಬ್ಬಿಣದ ದೊಡ್ಡ ಬಳೆ ಇಟ್ಟು, ಅದರ ಮೇಲೆ 15 ಮೀಟರ್ ಅಗಲದ ದುಂಡು ಇಟ್ಟಿಗೆ ಗೋಪುರ ಕಟ್ಟಿಸಿದರು. ಆಮೇಲೆ ಒಳಗಿನಿಂದ ಅದರ ಬುಡದ ಮಣ್ಣು ತೆಗೆಸಿದರು. ಗೋಪುರ ತನ್ನ ಭಾರಕ್ಕೆ ತಾನೇ ಮಣ್ಣಿನೊಳಗೆ ಇಳಿಯಿತು.

ಓದಿ ಗೊತ್ತಿತ್ತು. ಆದರೂ ಒಳಗೆ ಇಳಿದು ನಿಂತಾಗ ಬಾಯಿಂದ ಬಂದಿದ್ದು "ಅಯ್ಯೋ, ಇದು ನಮ್ಮ ರಿಂಗ್ ಬಾವಿ ಮಾರಾಯಾ!"

ಗೋಡೆಯಲ್ಲಿ ಹೊಸದಾಗಿ ಬಾಗಿಲು ಕೊರೆದು ಮೆಟ್ಟಿಲು ಇಳಿಸಿದ್ದಾರೆ. ಕೆಳಗೆ ಕಾಂಕ್ರೀಟ್ ನೆಲ. ಅದರ ಅಡಿಯಲ್ಲಿ ಇವತ್ತಿಗೂ ರೈಲು ಓಡುತ್ತದೆ, ಪ್ರತಿ ಸಲ ಕಾಲಿನಡಿ ಗುಡುಗು ಉರುಳಿದ ಹಾಗೆ. ಸುತ್ತ ಗೋಡೆ ಉಗಿಬಂಡಿಯ ಮಸಿಗೆ ಕಪ್ಪಗಾಗಿದೆ. ಆ ಕಪ್ಪಿನಲ್ಲಿ ಸುತ್ತಿಕೊಂಡು ಇಳಿಯುವ ಓರೆ ಗೆರೆ ಕಾಣುತ್ತದೆ. ಹಿಂದೆ ಜನ ಇಳಿಯುತ್ತಿದ್ದ ಮೆಟ್ಟಿಲಿನ ಗುರುತು.

ಬಾವಿಯ ತಳದಿಂದ ನದಿಯ ಕಡೆಗೆ ಅಡ್ಡ ಕೊರೆಯಬೇಕು. ಮೆತ್ತನೆ ಮಣ್ಣು, ತಲೆಯ ಮೇಲೆ ನದಿ. ಇಲ್ಲಿ ಬ್ರುನೆಲ್ ತಂದಿದ್ದು ಶೀಲ್ಡ್, ಅಂದರೆ ಗುರಾಣಿ. ಎರಕದ ಕಬ್ಬಿಣದ 12 ಚೌಕಟ್ಟುಗಳು, ಪುಸ್ತಕಗಳನ್ನು ಕಪಾಟಿನಲ್ಲಿ ನಿಲ್ಲಿಸಿದಂತೆ ಪಕ್ಕಪಕ್ಕ. ಒಂದೊಂದರಲ್ಲೂ ಮೂರು ಅಂತಸ್ತು. ಒಟ್ಟು 36 ಗೂಡು, ಗೂಡಿಗೊಬ್ಬ ಆಳು. ಅವನ ಮುಖದೆದುರು ಮಣ್ಣಿಗೆ ಒತ್ತಿ ಹಿಡಿದ ಕಿರಿದಾದ ಹಲಗೆಗಳು. ಒಂದು ಹಲಗೆ ತೆಗೆಯಬೇಕು, ಆ ಜಾಗದಲ್ಲಿ ನಾಲ್ಕೂವರೆ ಇಂಚು ಮಣ್ಣು ಕೆರೆಯಬೇಕು, ಹಲಗೆಯನ್ನು ಮುಂದೆ ತಳ್ಳಿ ಸ್ಕ್ರೂ ಬಿಗಿದು ಮತ್ತೆ ಮುಚ್ಚಬೇಕು. ಆಮೇಲೆ ಅದರ ಕೆಳಗಿನದು. ಒಮ್ಮೆಗೆ ಒಂದೇ ಹಲಗೆಯಷ್ಟು ಮಣ್ಣು ಬೆತ್ತಲೆ. ಎಲ್ಲ ಹಲಗೆ ಮುಂದೆ ಹೋದ ಮೇಲೆ ಚೌಕಟ್ಟನ್ನು ಜಾಕ್ ಹಾಕಿ ಮುಂದಕ್ಕೆ ನೂಕುತ್ತಿದ್ದರು. ಜಾಕಿಗೆ ಆನಿಕೆ ಯಾವುದು ಗೊತ್ತಾ? ಹಿಂದೆ ಆಗಲೇ ಕಟ್ಟಿ ಮುಗಿಸಿದ ಇಟ್ಟಿಗೆ ಗೋಡೆಯೇ. ಗಾರೆಯವರು ಗುರಾಣಿಯ ಬೆನ್ನಿಗೇ ಅಂಟಿಕೊಂಡು ಕಟ್ಟುತ್ತಾ ಬರುತ್ತಿದ್ದರು.

ನಾನು ಅಲ್ಲೇ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಇವತ್ತಿನ ಟಿಬಿಎಂ, ಅಂದರೆ ಸುರಂಗ ಕೊರೆಯುವ ಯಂತ್ರ ಕೂಡ ಇದನ್ನೇ ಮಾಡುತ್ತದೆ. ಹಿಂದೆ ಜೋಡಿಸಿದ ರಿಂಗಿಗೆ ಜಾಕ್ ಒದ್ದು ತಾನು ಮುಂದೆ ಹೋಗುತ್ತದೆ. ನಮ್ಮ ಯಾರ್ಡಿನಲ್ಲಿ ಸೆಗ್ಮೆಂಟಿನ ಮೂಲೆ ಒಡೆದಿದ್ದರೆ ನಾನು ವಾಪಸ್ ಕಳಿಸುತ್ತಿದ್ದೆ. "ಒಂದು ಮೂಲೆಗೆ ಇಷ್ಟೊಂದು ಗಲಾಟೆನಾ ಸಾರ್" ಅನ್ನುತ್ತಿದ್ದರು. ಇಡೀ ಯಂತ್ರದ ಒದೆ ತಿನ್ನುವುದು ಆ ಅಂಚು ಸ್ವಾಮಿ.

ಕೆಲಸ ಸಲೀಸಾಗಿ ಆಗಲಿಲ್ಲ. 1827ರ ಮೇ ತಿಂಗಳಲ್ಲಿ ನದಿ ಒಳಗೆ ನುಗ್ಗಿತು. ನದಿಯ ತಳಕ್ಕೆ ಜೇಡಿಮಣ್ಣಿನ ಚೀಲ ಸುರಿದು ತೂತು ಮುಚ್ಚಿದರು. 1828ರ ಜನವರಿಯಲ್ಲಿ ಮತ್ತೆ ನುಗ್ಗಿತು, ಆರು ಜನ ಸತ್ತರು. ಮಗ ಇಸಂಬಾರ್ಡ್ ಕೂದಲೆಳೆಯಲ್ಲಿ ಬದುಕಿಕೊಂಡ. ದುಡ್ಡು ಮುಗಿಯಿತು, ಏಳು ವರ್ಷ ಸುರಂಗದ ಬಾಯಿ ಮುಚ್ಚಿತ್ತು. ಕೊನೆಗೆ 1843ರ ಮಾರ್ಚ್ 25ಕ್ಕೆ ತೆರೆಯಿತು. ಉದ್ದ ನೋಡಿದರೆ 396 ಮೀಟರ್. ಹದಿನೆಂಟು ವರ್ಷ! ಗಾಡಿ ಇಳಿಸುವ ದಾರಿಗೆ ಹಣ ಇಲ್ಲದೆ ಕಾಲ್ನಡಿಗೆಗೆ ಬಿಟ್ಟರು. ಒಂದು ಪೆನ್ನಿ ಕೊಟ್ಟರೆ ನದಿಯಡಿ ನಡೆಯಬಹುದಿತ್ತು. 1869ರಲ್ಲಿ ಅದರೊಳಗೆ ರೈಲು ಬಂತು.

ಆ ಸುರಂಗದಲ್ಲೇ ರೈಲು ಹತ್ತಿ ಆಚೆ ದಡದ ವಾಪಿಂಗ್‌ನಲ್ಲಿ ಇಳಿದೆವು. ಪ್ಲಾಟ್‌ಫಾರ್ಮ್ ಎಷ್ಟು ಕಿರಿದು ಅಂದರೆ ಬೆನ್ನು ಗೋಡೆಗೆ ಒತ್ತಿ ನಿಲ್ಲಬೇಕು. ತುದಿಗೆ ಹೋದರೆ ಎರಡು ಕಮಾನಿನ ಬಾಯಿ ಕಾಣುತ್ತದೆ, ಕುದುರೆ ಲಾಳದ ಆಕಾರ. 1990ರ ದಶಕದಲ್ಲಿ ಒಳಗೆಲ್ಲ ಕಾಂಕ್ರೀಟ್ ಸಿಂಪಡಿಸಿ ಹೊಸ ಪದರ ಕೊಟ್ಟರು. ಹಳೇ ಇಟ್ಟಿಗೆ ಮುಚ್ಚಿಹೋಗುತ್ತದೆ ಅಂತ ಗಲಾಟೆಯಾಗಿ, ರಾದರ್‌ಹೈಥ್ ಕಡೆಯ ಒಂದು ಚಿಕ್ಕ ತುಂಡನ್ನು ಇದ್ದ ಹಾಗೇ ಬಿಟ್ಟಿದ್ದಾರೆ. ರೈಲಿನ ಕಿಟಕಿಗೆ ಮೂಗು ಒತ್ತಿದ್ದರೂ ಅದು ನನಗೆ ಕಣ್ಣಿಗೆ ಸಿಗಲಿಲ್ಲ. ವಾಪಸ್ ಹೋಗಿ ಇನ್ನೊಮ್ಮೆ ಬಂದೆವು. ಆಗಲೂ ಇಲ್ಲ.

ಮೂರನೇ ದಿನ: ಬಸವಣ್ಣನ ಎದುರು

ಲಂಡನ್ನಿಗೆ ಬಂದ ಕನ್ನಡಿಗ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿ ಬಸವಣ್ಣನಿಗೆ ಕೈ ಮುಗಿಯದೆ ಬರುವುದುಂಟೇ? 2015ರ ನವೆಂಬರ್‌ನಲ್ಲಿ ಅನಾವರಣವಾದ ಪ್ರತಿಮೆ. ನದಿ ದಂಡೆ, ಮರಗಳು, ತಣ್ಣನೆ ಗಾಳಿ. ಅಕ್ಕ ಕೊಟ್ಟು ಕಳಿಸಿದ್ದ ಕೋಡುಬಳೆ ಅಲ್ಲೇ ಬೆಂಚಿನ ಮೇಲೆ ಬಿಚ್ಚಿದೆವು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕೆಂಪು ಬಣ್ಣದ ಲ್ಯಾಂಬೆತ್ ಸೇತುವೆ. ಈಗಿನದು 1932ರದ್ದು. ಅದಕ್ಕೂ ಮೊದಲು ಅಲ್ಲೊಂದು ತೂಗುಸೇತುವೆ ಇತ್ತು. ಪೀಟರ್ ಬಾರ್ಲೊ ಅನ್ನುವ ಎಂಜಿನಿಯರ್ ಕಟ್ಟಿದ್ದು, 1862ರದ್ದು. ಅದರ ಕಂಬಗಳಿಗೆ ಅವರು ಎರಕದ ಕಬ್ಬಿಣದ ದುಂಡು ಕೊಳವೆಗಳನ್ನು ನದಿಯ ತಳದ ಜೇಡಿಮಣ್ಣಿಗೆ ಇಳಿಸಿದ್ದರು. ಇಳಿಸುವಾಗ ತಲೆಗೆ ಹೊಳೆಯಿತು: ಈ ಕೊಳವೆ ನೆಟ್ಟಗೆ ಇಳಿಯುತ್ತದೆ ಅಂದರೆ ಅಡ್ಡಕ್ಕೂ ಹೋಗಬೇಕಲ್ಲ?

ನನಗೆ ಇಡೀ ಕಥೆಯ ಗಂಟು ಬಿಚ್ಚಿದ್ದು ಇಲ್ಲಿ. ಸುರಂಗ ಅಂದರೆ ಅಡ್ಡ ಮಲಗಿಸಿದ ಬಾವಿ. ಬಸವಣ್ಣನ ಪಾದದ ಹತ್ತಿರ ಕೂತು, ಕೋಡುಬಳೆಯನ್ನು ನೆಟ್ಟಗೆ ಹಿಡಿದು, ಅಡ್ಡ ಹಿಡಿದು ಅಳಿಯನಿಗೆ ತೋರಿಸಿದೆ. ಅವನು ಅದನ್ನು ತೆಗೆದುಕೊಂಡು ತಿಂದ.

1864ರಲ್ಲಿ ಬಾರ್ಲೊ ಪೇಟೆಂಟ್ ಪಡೆದರು. 1869ರಲ್ಲಿ ಟವರ್ ಹಿಲ್ ಹತ್ತಿರ ನದಿಯಡಿ ಕೊರೆಯಲು ಯಾವ ಗುತ್ತಿಗೆದಾರನೂ ಮುಂದೆ ಬರಲಿಲ್ಲ. ಥೇಮ್ಸ್ ಸುರಂಗದ ಭಯ ಇನ್ನೂ ಹೋಗಿರಲಿಲ್ಲ. ಬಾರ್ಲೊ ಅವರ ಕೈಕೆಳಗೆ ಕಲಿತ ಜೇಮ್ಸ್ ಹೆನ್ರಿ ಗ್ರೇಟ್‌ಹೆಡ್ ಎಂಬ ಇಪ್ಪತ್ತೈದರ ಹುಡುಗ "ನಾನು ಮಾಡ್ತೇನೆ" ಅಂತ ನಿಂತ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವನು. ಒಂದು ವರ್ಷದೊಳಗೆ ಸುರಂಗ ಮುಗಿಯಿತು. ಅದರ ಹೆಸರು ಟವರ್ ಸಬ್‌ವೇ.

ಇಟ್ಟಿಗೆಗೆ ಇಲ್ಲಿ ಕೆಲಸವೇ ಇಲ್ಲ. ಎರಕದ ಕಬ್ಬಿಣದ ಬಾಗಿದ ತುಂಡುಗಳು. ಮೂರು ದೊಡ್ಡವು, ಮೇಲೆ ಒಂದು ಚಿಕ್ಕ ಕೀಲಿ ತುಂಡು, ಬೋಲ್ಟ್ ಬಿಗಿದರೆ ಒಂದು ರಿಂಗ್. ಗಾರೆ ಒಣಗಲಿ ಅಂತ ಕಾಯಬೇಕಿಲ್ಲ. ಹಾಕಿದ ಕ್ಷಣದಿಂದಲೇ ಭಾರ ಹೊರುತ್ತದೆ. ಒಳಗಿನ ಅಗಲ ಎರಡೇ ಮೀಟರ್. ಗುರಾಣಿಯನ್ನು ಕೈಯಲ್ಲಿ ಸ್ಕ್ರೂ ತಿರುಗಿಸಿ ಮುಂದೆ ನೂಕಿದರು.

1870ರಲ್ಲಿ ಹಗ್ಗ ಎಳೆಯುವ 12 ಜನರ ಗಾಡಿ ಓಡಿಸಿ ನೋಡಿದರು, ಕೆಲವೇ ತಿಂಗಳಲ್ಲಿ ಕಂಪನಿ ಮುಳುಗಿತು. ಆಮೇಲೆ ಅರ್ಧ ಪೆನ್ನಿಗೆ ನಡೆದಾಡುವ ದಾರಿ. 1894ರಲ್ಲಿ ಪಕ್ಕದಲ್ಲೇ ಟವರ್ ಸೇತುವೆ ಪುಕ್ಕಟೆಯಾಗಿ ಸಿಕ್ಕ ಮೇಲೆ ಯಾರು ಬರುತ್ತಾರೆ? ಈಗ ಅದರೊಳಗೆ ನೀರಿನ ಪೈಪುಗಳಿವೆ. ಟವರ್ ಹಿಲ್‌ನಲ್ಲಿ ಚಿಕ್ಕ ದುಂಡು ಕಟ್ಟಡವೊಂದೇ ಗುರುತು. ಅದರ ಎದುರು ಫೋಟೊ ತೆಗೆಸಿಕೊಂಡೆ. ಕೋಟೆ ನೋಡಲು ಬಂದವರು, ಇದೇನು ಟಿಕೆಟ್ ಕೌಂಟರಿನ ಮುಂದೆ ಪೋಸು ಕೊಡುತ್ತಿದ್ದಾನೆ ಅಂತ ನೋಡಿದರು.

ನಾಲ್ಕನೇ ದಿನ: ಬ್ಯಾಂಕ್ ಮತ್ತು ಸ್ಟಾಕ್‌ವೆಲ್

ಆ ಹುಡುಗ ಗ್ರೇಟ್‌ಹೆಡ್‌ನ ಪ್ರತಿಮೆ ಕಾರ್ನ್‌ಹಿಲ್ ರಸ್ತೆಯ ನಡುವೆ ನಿಂತಿದೆ. ಟೋಪಿ ಹಾಕಿಕೊಂಡು, ನಕ್ಷೆ ನೋಡುತ್ತಾ. 1994ರಲ್ಲಿ ನಿಲ್ಲಿಸಿದ್ದು. ಪ್ರತಿಮೆಯ ಪೀಠ ಟೊಳ್ಳು. ಕೆಳಗಿನ ಬ್ಯಾಂಕ್ ಸ್ಟೇಷನ್ನಿಗೆ ಗಾಳಿ ಹೋಗುವ ಕೊಳವೆ ಅದು. ಸುರಂಗ ಕೊರೆದವನಿಗೆ ಇದಕ್ಕಿಂತ ಒಳ್ಳೆ ಗೌರವ ಬೇಕಾ?

ಕೆಳಗೆ ಇಳಿದೆವು. ಬ್ಯಾಂಕ್ ಸ್ಟೇಷನ್ ಅಂದರೆ ಇಲಿ ಬಿಲ. ಅರ್ಧ ಗಂಟೆ ಸುತ್ತಿ ಮತ್ತೆ ಹೊರಟ ಜಾಗಕ್ಕೇ ಬಂದು ನಿಂತೆವು. "ಮಾವ, ಸುರಂಗದ ಎಕ್ಸ್‌ಪರ್ಟು ನೀವು" ಅಂತ ಅಳಿಯ ಮೆತ್ತಗೆ ಚುಚ್ಚಿದ. ಕೊನೆಗೆ ವಾಟರ್‌ಲೂ ಅಂಡ್ ಸಿಟಿ ಮಾರ್ಗಕ್ಕೆ ಹೋಗುವ ಓಣಿಯಲ್ಲಿ ಸಿಕ್ಕಿತು. ಗೋಡೆಯ ಟೈಲ್ಸ್ ಒಮ್ಮೆಲೇ ನಿಂತು, ಓಣಿಯ ಸುತ್ತ ಕೆಂಪು ಬಣ್ಣ ಬಳಿದ ದಪ್ಪ ಕಬ್ಬಿಣದ ಬಳೆ. ಗ್ರೇಟ್‌ಹೆಡ್ ಮಾದರಿಯ ಗುರಾಣಿ. ಆ ಮಾರ್ಗ ಕೊರೆದು ಮುಗಿದಾಗ ಅಲ್ಲೇ ಬಿಟ್ಟುಹೋಗಿದ್ದರು. 1987ರಲ್ಲಿ ಹೊಸ ಓಣಿ ಅಗೆಯುವಾಗ ಎದುರಾಯಿತು. ಜನ ದಿನಾ ಅದರ ಹೊಟ್ಟೆಯೊಳಗಿಂದ ಕಾಫಿ ಕುಡಿಯುತ್ತಾ ಹೋಗುತ್ತಾರೆ. ನಾನು ರಿವೆಟ್ ತಲೆಗಳ ಮೇಲೆ ಕೈ ಆಡಿಸುತ್ತಾ ನಿಂತಿದ್ದೆ. ಹಿಂದಿನಿಂದ ಬಂದವರು ಎರಡು ಸಲ "ಸಾರಿ" ಅಂದರು. ಇಲ್ಲಿ ಸಾರಿ ಅಂದರೆ "ಸರಿ ಆಚೆ" ಅಂತ.

ಆಮೇಲೆ ನಾರ್ದರ್ನ್ ಲೈನ್ ಹತ್ತಿ ಸ್ಟಾಕ್‌ವೆಲ್‌ಗೆ. ಇದು 1890ರಲ್ಲಿ ತೆರೆದ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆಯ ಜಾಡು. ಆಳದಲ್ಲಿ ಕೊರೆದು ವಿದ್ಯುತ್ತಿನಿಂದ ಓಡಿಸಿದ ಮೊದಲ ದೊಡ್ಡ ಮಾರ್ಗ. ಮೊದಲು ಹಗ್ಗದಿಂದ ಎಳೆಯುವ ಯೋಚನೆಯೇ ಇತ್ತು, ಕಟ್ಟುತ್ತಾ ಕಟ್ಟುತ್ತಾ ಮನಸ್ಸು ಬದಲಿಸಿದರು. ಮನೆಗಳ ಅಡಿಯಲ್ಲಿ ಹೋದರೆ ಮಾಲೀಕರಿಗೆ ಹಣ ಕೊಡಬೇಕು. ಅದಕ್ಕೆ ಆದಷ್ಟೂ ರಸ್ತೆಯ ಅಡಿಯಲ್ಲೇ ಹೋದರು, ರಸ್ತೆ ಕಿರಿದಾದ ಕಡೆ ಎರಡು ಸುರಂಗವನ್ನು ಒಂದರ ಮೇಲೊಂದು ಇಟ್ಟರು.

ರಿಂಗಿನ ಒಳ ಅಗಲ 3.1 ಮೀಟರ್, ಕೆಲವು ಕಡೆ 3.2. ಆರು ತುಂಡು, ಒಂದು ಕೀಲಿ. ಗುರಾಣಿ ಈಗ ಉಕ್ಕಿನ ಕೊಳವೆ. ಅದನ್ನು ನೂಕುವುದು ನೀರಿನೊತ್ತಡದ ಜಾಕುಗಳು. ಗುರಾಣಿಯ ಹಿಂಬಾಲ ಕೊನೆಯ ರಿಂಗಿನ ಮೇಲೆ ಡಬ್ಬಿಯ ಮುಚ್ಚಳದ ಹಾಗೆ ಕೂತಿರುತ್ತದೆ. ಆ ಬಾಲದ ನೆರಳಿನಲ್ಲೇ ಹೊಸ ರಿಂಗ್ ಜೋಡಿಸಬೇಕು. ಗುರಾಣಿ ಮುಂದೆ ಜಾರಿತು ಅನ್ನಿ, ಬಾಲದ ದಪ್ಪದಷ್ಟು ಖಾಲಿ ಜಾಗ ರಿಂಗಿನ ಹೊರಗೆ ಉಳಿಯುತ್ತದೆ. ಒಂದು ಇಂಚು ಇರಬಹುದು, ಅಷ್ಟೇ.

ಆ ಒಂದು ಇಂಚೇ ಎಲ್ಲ. ಅದನ್ನು ಹಾಗೇ ಬಿಟ್ಟರೆ ಮೇಲಿನ ಮಣ್ಣು ಆ ಸಂದಿಗೆ ಕುಸಿಯುತ್ತದೆ, ಅದರ ಮೇಲಿನದು ಅದರ ಹಿಂದೆ, ಕೊನೆಗೆ ರಸ್ತೆಯ ಪಕ್ಕದ ಮನೆಯ ಗೋಡೆ ಬಿರುಕು ಬಿಡುತ್ತದೆ. ಟವರ್ ಸಬ್‌ವೇಯಲ್ಲಿ ಆ ಸಂದಿಗೆ ಸುಣ್ಣದ ಗಂಜಿಯನ್ನು ಕೈ ಪಿಚಕಾರಿಯಿಂದ ಹಾಕಿದ್ದರು. ಇಲ್ಲಿ ಗ್ರೇಟ್‌ಹೆಡ್ ಅದಕ್ಕೊಂದು ಪಾತ್ರೆ ಮಾಡಿದರು. ಒಳಗೆ ಸುಣ್ಣ, ನೀರು, ಕಲಕಲು ಒಂದು ಕೈಹಿಡಿ. ಮುಚ್ಚಳ ಬಿಗಿದು ಒತ್ತಡದ ಗಾಳಿ ಬಿಟ್ಟರೆ, ಕಬ್ಬಿಣದ ತುಂಡಿನಲ್ಲಿ ಬಿಟ್ಟ ತೂತಿನ ಮೂಲಕ ಗಂಜಿ ಹೊರಗೆ ಹೋಗಿ ಸಂದಿ ತುಂಬುತ್ತದೆ. ಗುರಾಣಿಯ ಹೆಸರು ಎಲ್ಲರಿಗೂ ಗೊತ್ತು, ಈ ಗಂಜಿ ಪಾತ್ರೆಯ ಹೆಸರು ಯಾರೂ ಎತ್ತುವುದಿಲ್ಲ. ನನ್ನನ್ನು ಕೇಳಿದರೆ ಊರಿನ ಅಡಿಯಲ್ಲಿ ಸುರಂಗ ಕೊರೆಯುವ ಧೈರ್ಯ ಬಂದಿದ್ದು ಈ ಪಾತ್ರೆಯಿಂದ.

ಸ್ಟಾಕ್‌ವೆಲ್ ಹತ್ತಿರ ನೀರು ತುಂಬಿದ ಜಲ್ಲಿ ನೆಲ ಸಿಕ್ಕಿತು. ಅಲ್ಲಿ ಸುರಂಗದೊಳಗೇ ಒತ್ತಡದ ಗಾಳಿ ತುಂಬಿ ನೀರನ್ನು ತಡೆದು ಕೆಲಸ ಮಾಡಿದರು. ನಾವು ಹೋದ ರೈಲು ಮಾತ್ರ ಆ ಹಳೇ ಅಳತೆಯ ಕೊಳವೆಯಲ್ಲಿ ಹಿಡಿಸುವುದಿಲ್ಲ. 1922ರಿಂದ 24ರ ನಡುವೆ ರಿಂಗ್‌ಗಳನ್ನು ಬಿಚ್ಚಿ, ಸುತ್ತ ಕೆರೆದು, ಹಳೇ ತುಂಡುಗಳ ಜೊತೆ ಹೊಸದನ್ನು ಸೇರಿಸಿ ಅಗಲ ಮಾಡಿದರು. ರಾತ್ರಿ ಅಗೆತ, ಹಗಲು ಅದೇ ಗುರಾಣಿಯ ಹೊಟ್ಟೆಯೊಳಗಿಂದ ರೈಲು! 1923ರ ನವೆಂಬರ್ 27ರಂದು ಬರೊ ಸ್ಟೇಷನ್ ಹತ್ತಿರ ಕುಸಿದೇಬಿಟ್ಟಿತು. ಮೇಲೆ ರಸ್ತೆಯಲ್ಲಿ ಹೊಂಡ ಬಿತ್ತು. ರೈಲಿನಲ್ಲಿದ್ದವರು ಪಾರಾದರು. ಹಳೇ ಮನೆಯಲ್ಲಿ ವಾಸ ಇದ್ದುಕೊಂಡೇ ಗೋಡೆ ಒಡೆಸಿದವರಿಗೆ ಆ ಎಂಜಿನಿಯರುಗಳ ಎದೆಬಡಿತ ಗೊತ್ತಿರುತ್ತದೆ.

ವಾಪಸ್ ಬರುವಾಗ ಬೇಕಂತಲೇ ವಿಕ್ಟೋರಿಯಾ ಲೈನ್ ಹತ್ತಿದೆ. 1960ರ ದಶಕದ ಸುರಂಗ. ಅದರ ಕೆಲವು ಭಾಗದಲ್ಲಿ ಗಂಜಿಯನ್ನೇ ಬಿಟ್ಟರು. ತುಂಡುಗಳನ್ನು ಜೋಡಿಸಿ, ಹಿಗ್ಗಿಸಿ, ನೇರ ಜೇಡಿಮಣ್ಣಿಗೇ ಒತ್ತಿ ಕೂರಿಸಿದರು. ಲಂಡನ್ನಿನ ಜೇಡಿ ಅಷ್ಟು ಒಳ್ಳೆಯದು, ಕೊರೆದ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಒಂದು ಬದಿ ಕಗ್ಗಲ್ಲು, ಇನ್ನೊಂದು ಬದಿ ಪುಡಿ ಮಣ್ಣು. ಅಲ್ಲಿ ಈ ಆಟ ನಡೆಯುವುದಿಲ್ಲ.

ಐದನೇ ದಿನ: ಕಿಟಕಿ ಇಲ್ಲದ ಬೋಗಿ

ಕೊನೇ ದಿನ ಅಳಿಯನಿಗೆ ರಜೆ ಇರಲಿಲ್ಲ. ಒಬ್ಬನೇ ಕೋವೆಂಟ್ ಗಾರ್ಡನ್‌ನ ಟ್ರಾನ್ಸ್‌ಪೋರ್ಟ್ ಮ್ಯೂಸಿಯಮ್ಮಿಗೆ ಹೋದೆ. 1890ರ ಆ ರೈಲಿನ ಒಂದು ಬೋಗಿ ಅಲ್ಲಿದೆ. ಒಳಗೆ ಎರಡೂ ಬದಿಗೆ ಉದ್ದನೆ ಮೆತ್ತೆ ಸೀಟು, ಬೆನ್ನಿನ ಮೆತ್ತೆ ಹೆಚ್ಚುಕಮ್ಮಿ ಸೂರಿನ ತನಕ. ಅದರ ಮೇಲೆ ಕಿಟಕಿ ಅನ್ನುವ ಹೆಸರಿಗೆ ಒಂದು ಗೇಣಿನ ಸೀಳು. ಸುರಂಗದಲ್ಲಿ ನೋಡುವಂಥದ್ದು ಏನಿದೆ ಅಂತ ಅವರ ಲೆಕ್ಕ. ಸ್ಟೇಷನ್ ಬಂದಾಗ ಗಾರ್ಡು ಹೆಸರು ಕೂಗಬೇಕಿತ್ತು. ಜನ ಅದಕ್ಕೆ ಹುಚ್ಚಾಸ್ಪತ್ರೆಯ ಮೆತ್ತೆ ಹಾಕಿದ ಕೋಣೆ ಅಂತ ಹೆಸರಿಟ್ಟರು.

ಆ ಬೋಗಿಯೊಳಗೆ ಕೂತು ಸೀಳಿನ ಕಡೆ ನೋಡಿದೆ. ಇದರ ಹೊರಗೆ ಒಂದು ಗೇಣು ಆಚೆ ಗ್ರೇಟ್‌ಹೆಡ್ ರಿಂಗ್‌ಗಳು ಸಾಲಾಗಿ ಹೋಗುತ್ತಿದ್ದವು. ಒಂದೊಂದೂ ಅರ್ಧ ಮೀಟರಿಗಿಂತ ಸ್ವಲ್ಪ ಕಡಿಮೆ ಅಗಲ. ಐದು ಕಿಲೋಮೀಟರಿಗೆ, ಎರಡು ಸುರಂಗಕ್ಕೆ, ಎಷ್ಟಾಯಿತು ಅಂತ ಮನಸ್ಸಿನಲ್ಲೇ ಗುಣಿಸಿದೆ. ಇಪ್ಪತ್ತು ಸಾವಿರ ದಾಟಿತು. ಇಪ್ಪತ್ತು ಸಾವಿರ ಕೀಲಿ ತುಂಡುಗಳನ್ನು ಯಾರೋ ತಲೆಯ ಮೇಲೆ ಎತ್ತಿ ಹಿಡಿದು ಸಂದಿಗೆ ತುರುಕಿ ಬೋಲ್ಟ್ ಬಿಗಿದಿದ್ದಾರೆ. ಪಕ್ಕದಲ್ಲಿ ಒಂದು ಮಗು ಸೀಟಿನ ಮೇಲೆ ಹತ್ತಿ ನಿಂತು ಸೀಳಿನಿಂದ ಹೊರಗೆ ನೋಡಲು ಒದ್ದಾಡುತ್ತಿತ್ತು. ಅಮ್ಮ ಬಂದು ಇಳಿಸಿದಳು. ಅವಳು ಆಚೆ ಹೋದ ಮೇಲೆ ನಾನೂ ಸ್ವಲ್ಪ ಎದ್ದು ನಿಂತು ಇಣುಕಿದೆ. ಮ್ಯೂಸಿಯಮ್ಮಿನ ಬಿಳಿ ಗೋಡೆ ಕಂಡಿತು.